ನಾಯಕರ ಹೆಸರು ಒಂದೇ, ಕಾದಂಬರಿ ಬೇರೆ: ಶ್ರೀನಿವಾಸನಿಂದ ಶುರು

ಹಳೇಲೈಬ್ರರಿ
ಒಂದೇ ಹೆಸರಿನ ನಾಯಕರಿರುವ ಕಾದಂಬರಿಗಳನ್ನು ಹೆಸರಿನ ಪ್ರಕಾರ ಗುಂಪು ಮಾಡೋಣ. ಯಾವ ಭಾಷೆಯದಾದರೂ ಸರಿ. ಮೊದಲ ಗುಂಪು ನಾನೇ ಇಡುತ್ತೇನೆ, ಶ್ರೀನಿವಾಸ.

ಆರ್.ಕೆ. ನಾರಾಯಣರ ‘ಮಿಸ್ಟರ್ ಸಂಪತ್’ (1949): ‘ದಿ ಬ್ಯಾನರ್’ ವಾರಪತ್ರಿಕೆಯ ಸಂಪಾದಕ ಶ್ರೀನಿವಾಸ.
ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965): ನಂಜನಗೂಡಿನ ಶ್ರೀನಿವಾಸ ಶ್ರೋತ್ರಿಗಳು.
ಭೈರಪ್ಪನವರದೇ ‘ದಾಟು’ (1973): ಮಂತ್ರಿ ಮೇಲಗಿರಿಗೌಡರ ಮಗ ಶ್ರೀನಿವಾಸ.

ನಿಯಮ ಮೂರೇ. ಪಾತ್ರ ಕಥೆಯ ನಡುವಿನದಾಗಿರಬೇಕು. ಹೆಸರು ಪುಸ್ತಕದೊಳಗೇ ಇರಬೇಕು, ಸಿನಿಮಾದವರು ಇಟ್ಟದ್ದು ಲೆಕ್ಕಕ್ಕಿಲ್ಲ. ಗುಂಪಿನಲ್ಲಿ ಕನಿಷ್ಠ ಎರಡು ಕಾದಂಬರಿ ಬೇಕು.

ತುಂಗಾತೀರ
ಮೊದಲ ಗುಂಪಿಗೇ ತಕರಾರು ಸ್ವಾಮಿ. ‘ದಾಟು’ವಿನ ನಡುವೆ ನಿಂತವಳು ಸತ್ಯಭಾಮೆ, ಅರ್ಚಕ ವೆಂಕಟರಮಣಯ್ಯನವರ ಮಗಳು. ಜಾತಿ ದಾಟಿ ಮದುವೆಯಾಗುವ ನಿರ್ಧಾರಕ್ಕೆ ಕೊನೆವರೆಗೂ ಗಟ್ಟಿಯಾಗಿ ನಿಲ್ಲುವವಳು ಅವಳೇ ಹೊರತು ಶ್ರೀನಿವಾಸನಲ್ಲ. ಅವನನ್ನು ನಾಯಕ ಅಂದರೆ ಕಾದಂಬರಿಯನ್ನೇ ತಲೆಕೆಳಗು ಮಾಡಿದಂತೆ. ‘ಮಿಸ್ಟರ್ ಸಂಪತ್’ನಲ್ಲಿ ಇದಕ್ಕೆ ಉಲ್ಟಾ: ರಟ್ಟಿನ ಮೇಲೆ ಮುದ್ರಣಾಲಯದ ಸಂಪತ್‌ನ ಹೆಸರಿದೆ, ಆದರೆ ನಾವು ಒಳಗಿನಿಂದ ಕಾಣುವ ಮನಸ್ಸು ಶ್ರೀನಿವಾಸನದು. ಅದು ಇರಲಿ. ‘ದಾಟು’ ಹೋಗಲಿ.

ಹಳೇಲೈಬ್ರರಿ
ಒಪ್ಪಿದೆ. ‘ದಾಟು’ವನ್ನು ‘ಎರಡನೇ ಸಾಲಿನವರು’ ಅಂತ ಬೇರೆ ಕಾಲಮ್ಮಿಗೆ ಹಾಕುತ್ತೇನೆ.

ಪೇಢೆ_ಧಾರವಾಡ
ಅಲ್ರೀ, ಅದಕಿಂತ ಮೊದಲಿನ ಪ್ರಶ್ನೆ ಐತಿ. ‘ಮೊದಲ ಹೆಸರು’ ಅಂದ್ರ ನಮ್ಮ ಕಡೆ ಯಾವುದ್ರೀ? ಇಂಗ್ಲಿಷಿನವರಿಗೆ ಸರಳ, ಮುಂದಿಂದು ಹೆಸರು, ಹಿಂದಿಂದು ಮನೆತನ. ನಮ್ಮಲ್ಲಿ ಇನಿಷಿಯಲ್ ಮುಂದ ಕುಂದರ್ತದ, ಹೆಸರು ಹಿಂದ ಬರ್ತದ. ಮಲೆನಾಡಿನ ಕಾದಂಬರಿ ತಗೀರಿ: ‘ಮಲೆಗಳಲ್ಲಿ ಮದುಮಗಳು’ (1967) ಒಳಗ ‘ಸಿಂಬಾವಿ ಭರಮೈಹೆಗ್ಗಡೆ’ ಅಂದ್ರ ಸಿಂಬಾವಿ ಮನಿ ಹೆಸರು, ಭರಮ ಅವನ ಹೆಸರು, ಹೆಗ್ಗಡೆ ಮನೆತನದ್ದು. ಗುತ್ತಿ ಹಿಂದೆ ಯಾವಾಗಲೂ ನಾಯಿ ಇರ್ತದ ಅಂತ ‘ನಾಯಿಗುತ್ತಿ’. ಅಲ್ಲಿ ಮುಂದಿನ ಪದ ಹಿಡಿದ್ರ ‘ನಾಯಿ’ ಅಂತ ಗುಂಪು ಮಾಡಬೇಕಾಗ್ತದ ನೋಡ್ರಿ!

ಅಚ್ಚಿನಮೊಳೆ
ಪೇಢೆಯವರ ಮಾತು ಸರಿ. ಕನ್ನಡದ ಹೆಸರಿಗೆ ‘ತಿರುಳು’ ತೆಗೆಯುವ ಪದ್ಧತಿ ಬೇಕು. ನಾಮಸೂಚಿ ಮಾಡುವಾಗ ಕೆಲಸಕ್ಕೆ ಬರುವ ಕ್ರಮ ಇದು:

ಮೊದಲು ಊರು ಅಥವಾ ಮನೆಯ ಹೆಸರು ಕಿತ್ತುಹಾಕಿ. ಆಮೇಲೆ ಹಿಂದಿನ ಕುಲನಾಮ, ಅಂದರೆ ಗೌಡ, ಹೆಗ್ಗಡೆ, ಐತಾಳ, ಶ್ರೋತ್ರಿ, ಆಚಾರ್ಯ. ಆಮೇಲೆ ಗೌರವದ ಬಾಲ: ಅಯ್ಯ, ಅಪ್ಪ, ಅಣ್ಣ, ರಾಯ, ಅಮ್ಮ, ಅವ್ವ. ಉಳಿದದ್ದು ತಿರುಳು. ಹೀಗೆ ಮಾಡಿದರೆ ‘ಅವಸ್ಥೆ’ಯ (1978) ಕೃಷ್ಣಪ್ಪಗೌಡನೂ ನಾರಾಯಣರ ‘ದಿ ಇಂಗ್ಲಿಷ್ ಟೀಚರ್’ (1945) ಮೇಷ್ಟ್ರು ಕೃಷ್ಣನೂ ಒಂದೇ ಗುಂಪಿಗೆ ಬೀಳುತ್ತಾರೆ.

ಕೈಕೊಡುವ ಜಾಗವೂ ಇದೆ. ಎಲ್ಲಾ ‘ಅಪ್ಪ’ ಬಾಲವಲ್ಲ. ‘ಶಿಕಾರಿ’ಯ (1979) ನಾಗಪ್ಪನಲ್ಲಿ ‘ಅಪ್ಪ’ ತೆಗೆದರೆ ‘ನಾಗ’ ಉಳಿಯುತ್ತದೆ, ಸರಿ. ಆದರೆ ‘ಅಯ್ಯಪ್ಪ’ನಿಂದ ‘ಅಪ್ಪ’, ‘ಅಯ್ಯ’ ಎರಡೂ ತೆಗೆದರೆ ಏನೂ ಉಳಿಯುವುದಿಲ್ಲ. ಆಚಾರ್ಯ ತೆಗೆಯುವಾಗಲೂ ಸಂಧಿ ಬಿಡಿಸಲೇಬೇಕು: ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ‘ಪ್ರಾಣೇಶ’, ‘ಪ್ರಾಣೇಶಾ’ ಅಲ್ಲ.

ಕಡಲತಡಿ
ಹಾಗಾದ್ರೆ ರಾಮನ ಗುಂಪು ಹಾಕಿ ಮಾರಾಯ್ರೇ. ಕಾರಂತರ ‘ಮರಳಿ ಮಣ್ಣಿಗೆ’ಯ ರಾಮ. ತ.ರಾ.ಸು. ‘ನಾಗರಹಾವು’ವಿನ ರಾಮಾಚಾರಿ. ರಾಜಾರಾಯರ ಇಂಗ್ಲಿಷ್ ಕಾದಂಬರಿ ‘ದಿ ಸರ್ಪೆಂಟ್ ಅಂಡ್ ದಿ ರೋಪ್’ನ (1960) ರಾಮಸ್ವಾಮಿ. ಬರೆದದ್ದು ಇಂಗ್ಲಿಷಲ್ಲಾದ್ರೂ ಲೇಖಕರು ಹಾಸನದಲ್ಲಿ ಹುಟ್ಟಿದವರು.

‘ಮರಳಿ ಮಣ್ಣಿಗೆ’ಯಲ್ಲಿ ಇಬ್ಬರು ರಾಮರಿದ್ದಾರೆ ಅನ್ನೋದು ಮರೀಬೇಡಿ. ಅಜ್ಜ ರಾಮೈತಾಳ, ಮಗ ಲಚ್ಚ, ಮೊಮ್ಮಗ ರಾಮ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದು ಕರಾವಳಿಯಲ್ಲಿ ಏನೂ ವಿಶೇಷ ಅಲ್ಲ. ಆದ್ರೆ ಕಾರಂತರು ಅದನ್ನೇ ಕಥೆಯ ಕಟ್ಟಾಗಿ ಮಾಡಿದ್ದಾರೆ. ಅಜ್ಜ ಗಳಿಸಿದ ಮಣ್ಣನ್ನು ಲಚ್ಚ ಕಳೀತಾನೆ, ಅಜ್ಜನ ಹೆಸರಿನವ ಮದ್ರಾಸು, ಬೊಂಬಾಯಿ ಸುತ್ತಿ ಅದೇ ಮಣ್ಣಿಗೆ ವಾಪಸ್ ಬರ್ತಾನೆ. ನಡುವಿನ ತಲೆಮಾರಿಗೆ ಮಾತ್ರ ಆ ಹೆಸರಿಲ್ಲ, ನೋಡಿ.

ತುಂಗಾತೀರ
‘ಕಾನೂರು ಹೆಗ್ಗಡಿತಿ’ (1936) ರಾಮಯ್ಯ?

ಕಡಲತಡಿ
ಅಲ್ಲಿ ನಾಯಕ ಹೂವಯ್ಯ. ರಾಮಯ್ಯ ಎರಡನೇ ಸಾಲಿಗೆ.

ಅಚ್ಚಿನಮೊಳೆ
ರಾಮಾಚಾರಿಯನ್ನು ಒಂದೇ ಸಲ ಎಣಿಸಿ. 1972ರ ಸಿನಿಮಾಕ್ಕೆ ಆಧಾರವಾದದ್ದು ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿ. ಮೂರಕ್ಕೂ ಸೇರಿ ವ್ಯಕ್ತಿ ಒಬ್ಬನೇ. ನಾಲ್ಕನೇ ನಿಯಮ ಬೇಕು: ಅದೇ ಪಾತ್ರ ಮುಂದುವರಿದ ಸರಣಿ ಅಂದರೆ ಪಟ್ಟಿಯಲ್ಲಿ ಒಂದೇ ಸಾಲು. ಇಲ್ಲದಿದ್ದರೆ ಪತ್ತೇದಾರಿ ಸರಣಿಗಳೇ ಪಟ್ಟಿಯನ್ನು ನುಂಗುತ್ತವೆ. ಐತಿಹಾಸಿಕ ಅರಸರದ್ದೂ ಹಾಗೆಯೇ. ಒಬ್ಬ ರಾಜನ ಮೇಲೆ ಐದು ಕಾದಂಬರಿ ಬಂದಿದ್ದರೆ ಹೆಸರು ಕೂಡಿದ್ದರಲ್ಲಿ ಆಶ್ಚರ್ಯವೇನು, ಲೇಖಕರು ಆ ಹೆಸರನ್ನು ಆರಿಸಿಯೇ ಇಲ್ಲವಲ್ಲ.

ಕೋಡುಬಳೆ_ಕೋಡ್
ಪಠ್ಯದಲ್ಲಿ ಹುಡುಕಿ ಪಟ್ಟಿ ಮಾಡುವವರಿಗೆ ಎಚ್ಚರಿಕೆ. ‘ರಾಮ’ ಅಂತ ಕೊಟ್ಟರೆ ಗ್ರಾಮ, ಸಂಗ್ರಾಮ, ಆರಾಮ, ವಿರಾಮ ಎಲ್ಲವೂ ಬಂದು ಬೀಳುತ್ತವೆ. ‘ಗ್ರಾಮ’ದ ಒಳಗೆ ಯೂನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಇಟ್ಟುಕೊಳ್ಳುವ ಸಂಕೇತಪದ್ಧತಿ) ಗ, ಹಲಂತ, ಆಮೇಲೆ ‘ರಾಮ’ ಅಂತಲೇ ಕೂತಿರುತ್ತದೆ. ಕಣ್ಣಿಗೆ ರಾವತ್ತಾಗಿ ಕಂಡರೂ ಯಂತ್ರಕ್ಕೆ ಅದು ಪೂರ್ತಿ ರಕಾರ. ಸರಿ, ಪೂರ್ತಿ ಪದ ಮಾತ್ರ ಹುಡುಕು ಅಂದರೆ ‘ರಾಮನಿಗೆ’, ‘ರಾಮನನ್ನು’, ‘ರಾಮೈತಾಳರು’ ಎಲ್ಲ ತಪ್ಪಿಹೋಗುತ್ತವೆ. ಪದದ ಆರಂಭಕ್ಕೆ ಕಟ್ಟುಹಾಕಿ, ಅಂತ್ಯವನ್ನು ತೆರೆದಿಡಿ. ಕಸ ಬಹುಪಾಲು ಹೋಗುತ್ತದೆ.

ಶ್ರೀನಿವಾಸನದು ಬೇರೆ ಗೋಳು. ‘ಶ್ರೀ’ಯ ದೀರ್ಘವನ್ನು ಒಂದೇ ಸಂಕೇತವಾಗಿಯೂ ಕೂಡಿಸಬಹುದು, ಗುಡಿಸು ಮತ್ತು ದೀರ್ಘದ ಗುರುತು ಅಂತ ಎರಡಾಗಿಯೂ ಕೂಡಿಸಬಹುದು. ಪರದೆಯ ಮೇಲೆ ಎರಡೂ ತದ್ರೂಪ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಇಲ್ಲ. ಹುಡುಕುವ ಮುನ್ನ ಇಡೀ ಕಡತವನ್ನು ಎನ್‌ಎಫ್‌ಸಿ ರೂಪಕ್ಕೆ, ಅಂದರೆ ಒಡೆದ ಗುರುತುಗಳನ್ನು ಕೂಡಿಸಿಡುವ ಯೂನಿಕೋಡ್ ಮಾದರಿಗೆ, ತಂದುಕೊಳ್ಳಿ, ಎರಡೂ ಒಂದಾಗುತ್ತವೆ. ಸ್ಕ್ಯಾನ್ ಮಾಡಿ ಓಸಿಆರ್ (ಚಿತ್ರದಿಂದ ಅಕ್ಷರ ಗುರುತಿಸುವ ತಂತ್ರಾಂಶ) ಹಾಕಿದ ಪಠ್ಯವಾದರೆ ‘ಶ್ರೀ ನಿವಾಸ’ ಅಂತ ಒಡೆದದ್ದನ್ನೂ ಒಮ್ಮೆ ನೋಡಿ.

ಹಳೇಲೈಬ್ರರಿ
ಇದು ಉಪಕಾರ. ‘ರಾಮ’ ಮುಗಿಯಿತು ಅಂದುಕೊಂಡು ‘ರಮೇಶ’ನನ್ನೂ ಅದೇ ಗುಂಪಿಗೆ ಸೇರಿಸಲೇ?

ವಂಗಭಾಷಿ_ಓದುಗ
ಬೇಡ, ಖಂಡಿತ ಬೇಡ! ರಮೇಶನಿಗೆ ಸ್ವಂತ ಗುಂಪೇ ಬೇಕು, ಮತ್ತು ಈ ಚರ್ಚೆಯಲ್ಲೇ ಅತಿ ಒಳ್ಳೆಯ ಗುಂಪು ಅದು.

ಸಂಧಿ ಬಿಡಿಸಿ: ರಮಾ + ಈಶ, ಗುಣಸಂಧಿಯಾಗಿ ರಮೇಶ. ರಮಾ ಅಂದರೆ ಲಕ್ಷ್ಮಿ. ರಾಮನಿಗೂ ಇದಕ್ಕೂ ಸಂಬಂಧವಿಲ್ಲ. ಈಗ ಎರಡು ಬಂಗಾಳಿ ಕಾದಂಬರಿ ಪಕ್ಕಪಕ್ಕ ಇಟ್ಟುಕೊಳ್ಳಿ.

ಶರತ್‌ಚಂದ್ರರ ‘ಪಲ್ಲೀಸಮಾಜ’ (1916). ಓದಿ ಹಳ್ಳಿಗೆ ಮರಳುವ ನಾಯಕ ರಮೇಶ. ಅವನು ಪ್ರೀತಿಸುವ ವಿಧವೆಯ ಹೆಸರು ರಮಾ. ವ್ಯಾಕರಣದ ಪ್ರಕಾರ ಅವನು ‘ರಮೆಯ ಒಡೆಯ’, ಹಳ್ಳಿಯ ಕಟ್ಟಳೆಯ ಪ್ರಕಾರ ಅವಳು ಅವನಿಗೆ ಸಲ್ಲುವವಳಲ್ಲ. ಹೆಸರಿನಲ್ಲಿ ಆಗಿಹೋದ ಮದುವೆ ಕಥೆಯಲ್ಲಿ ಆಗುವುದಿಲ್ಲ.

ಅದಕ್ಕೂ ಹತ್ತು ವರ್ಷ ಹಿಂದೆ ರವೀಂದ್ರರ ‘ನೌಕಾಡೂಬಿ’ (1906). ಅಲ್ಲೂ ರಮೇಶ. ದೋಣಿ ಮುಳುಗಿದ ಮೇಲೆ ದಡದಲ್ಲಿ ಸಿಕ್ಕ ಹುಡುಗಿಯನ್ನು ತನ್ನ ಹೊಸ ಹೆಂಡತಿ ಅಂದುಕೊಂಡು ಕರೆತರುತ್ತಾನೆ, ಆಮೇಲೆ ಅಲ್ಲವೆಂದು ಗೊತ್ತಾಗುತ್ತದೆ. ಆ ಹುಡುಗಿಯ ಹೆಸರು ಕಮಲಾ. ಕಮಲಾ ಅಂದರೂ ಲಕ್ಷ್ಮಿಯೇ! ಅವಳ ನಿಜವಾದ ಗಂಡ ನಳಿನಾಕ್ಷ, ಅಂದರೆ ತಾವರೆಗಣ್ಣಿನವನು, ವಿಷ್ಣುವಿಗೆ ಒಪ್ಪುವ ಹೆಸರು. ಅಲ್ಲಿಗೆ ಲಕ್ಷ್ಮೀಪತಿ ಎನಿಸಿಕೊಳ್ಳಬಲ್ಲವರು ಇಬ್ಬರು, ಲಕ್ಷ್ಮಿ ಒಬ್ಬಳು, ಮತ್ತು ರಮೇಶ ತಪ್ಪಾದವನು. ಇಬ್ಬರು ಲೇಖಕರೂ ಒಂದೇ ಹೆಸರಿನಿಂದ ಒಂದೇ ಬಗೆಯ ವ್ಯಂಗ್ಯ ತೆಗೆದಿದ್ದಾರೆ. ಬೇಕೆಂದೇ ಮಾಡಿದ್ದೋ ಏನೋ ಎಂಬುದು ಬೇರೆ ಮಾತು. ಪುಟದ ಮೇಲಂತೂ ಇದೆ.

ತುಂಗಾತೀರ
ಭಲೇ. ಹಾಗಿದ್ದರೆ ‘ಸುರೇಶ’ನೂ ಇದ್ದಾನೆ. ಶರತ್‌ಚಂದ್ರರ ‘ಗೃಹದಾಹ’ (1920) ಸುರೇಶ, ತೇಜಸ್ವಿಯವರ ‘ಜುಗಾರಿ ಕ್ರಾಸ್’ (1994) ಸುರೇಶ. ಒಬ್ಬ ಗೆಳೆಯನ ಹೆಂಡತಿ ಅಚಲೆಯ ಹಿಂದೆ ಬಿದ್ದು ಅವರ ಸಂಸಾರವನ್ನೇ ಹಾಳುಮಾಡಿದವನು, ಇನ್ನೊಬ್ಬ ಹೆಂಡತಿ ಗೌರಿಯ ಜೊತೆ ರೈಲು ಹತ್ತಿ ಗೋಜಲಿಗೆ ಸಿಕ್ಕವನು.

ವಂಗಭಾಷಿ_ಓದುಗ
‘ಗೃಹದಾಹ’ದಲ್ಲಿ ಅಚಲೆಯ ಗಂಡ ಮಹಿಮ ನಾಯಕನೋ ಸುರೇಶನೋ ಎಂಬ ಜಗಳ ಇದ್ದೇ ಇದೆ. ಕಥೆಯನ್ನು ತಳ್ಳಿಕೊಂಡು ಹೋಗುವವನು ಸುರೇಶ. ಮಹಿಮ ಬರೀ ಸುಮ್ಮನಿರುತ್ತಾನೆ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಸೇರಿಸಿ.

ಮೂರುಹೆಸರು
ರಷ್ಯನ್ನರಲ್ಲಿ ಈ ಆಟ ಇನ್ನೂ ಚೆನ್ನ. ದ್ಮಿತ್ರಿ ಗುಂಪು:

ತುರ್ಗೆನೆವ್, ‘ರೂದಿನ್’ (1856): ದ್ಮಿತ್ರಿ ನಿಕೊಲಾಯೆವಿಚ್ ರೂದಿನ್.
ದಾಸ್ತೊಯೆವ್‌ಸ್ಕಿ, ‘ಕರಮಾಜೋವ್ ಸಹೋದರರು’ (1880): ದ್ಮಿತ್ರಿ ಫ್ಯೊದೊರೊವಿಚ್, ಮನೆಯಲ್ಲಿ ಮೀತ್ಯಾ.
ಟಾಲ್‌ಸ್ಟಾಯ್, ‘ಪುನರುತ್ಥಾನ’ (1899): ದ್ಮಿತ್ರಿ ಇವಾನೊವಿಚ್ ನೆಖ್ಲ್ಯೂದೊವ್.

ನಡುವಿನದು ಅಪ್ಪನ ಹೆಸರಿನಿಂದ ಬಂದದ್ದು, ಅದನ್ನು ಹೋಲಿಸಬೇಡಿ. ಮೊದಲನೆಯದು ಮಾತ್ರ. ಕನ್ನಡ ಅನುವಾದಗಳಲ್ಲಿ ದ್ಮಿತ್ರಿ, ದಿಮಿತ್ರಿ, ಡಿಮಿಟ್ರಿ, ಮೀತ್ಯಾ, ಮಿತ್ಯ ಹೀಗೆ ಐದಾರು ರೂಪ ಬರಬಹುದು. ಒಂದನ್ನು ಮುಖ್ಯರೂಪ ಅಂತ ಇಟ್ಟು ಉಳಿದವನ್ನು ಅದರ ಎದುರು ಬರೆದುಕೊಳ್ಳದಿದ್ದರೆ ಒಬ್ಬನೇ ಮನುಷ್ಯ ಮೂರು ಗುಂಪಿನಲ್ಲಿ ಕೂರುತ್ತಾನೆ.

ಕೊನೆಯ ಇಬ್ಬರು ದ್ಮಿತ್ರಿಗಳನ್ನು ಹತ್ತಿರದಿಂದ ನೋಡಿ. ಇಬ್ಬರಿಗೂ ನ್ಯಾಯಾಲಯ, ಇಬ್ಬರಿಗೂ ಸೈಬೀರಿಯಾದ ನೆರಳು. ಮೀತ್ಯಾ ಕಟಕಟೆಯಲ್ಲಿ ನಿಲ್ಲುತ್ತಾನೆ, ಮಾಡದ ಕೊಲೆಗೆ ಶಿಕ್ಷೆಯಾಗುತ್ತದೆ. ನೆಖ್ಲ್ಯೂದೊವ್ ಜ್ಯೂರಿಯ ಕುರ್ಚಿಯಲ್ಲಿ ಕೂತಿರುತ್ತಾನೆ, ತಾನೇ ಹಿಂದೆ ಕೆಡಿಸಿದ ಹುಡುಗಿ ಎದುರಿಗೆ ಆರೋಪಿಯಾಗಿ ಬರುತ್ತಾಳೆ. ಅವಳು ಕತ್ಯೂಷಾ, ಅಂದರೆ ಕತೆರೀನಾ. ಮೀತ್ಯಾನ ವಿರುದ್ಧ ಕೋರ್ಟಿನಲ್ಲಿ ಕಾಗದ ತೋರಿಸಿ ಮುಳುಗಿಸುವವಳೂ ಕತೆರೀನಾ. ನಾಯಕನಷ್ಟೇ ಅಲ್ಲ, ಜೋಡಿಯೇ ಕೂಡುತ್ತದೆ.

ಕೊಸರು: ‘ಈಡಿಯಟ್’ನ ಪ್ರಿನ್ಸ್ ಮಿಶ್ಕಿನ್‌ನ ಹೆಸರು ಲೆವ್ ನಿಕೊಲಾಯೆವಿಚ್. ಟಾಲ್‌ಸ್ಟಾಯ್ ಅವರದೂ ಅದೇ, ಅಪ್ಪನ ಹೆಸರಿನ ಸಮೇತ.

ಪೇಢೆ_ಧಾರವಾಡ
ಮತ್ತ ಇವಾನ್? ‘ಇವಾನ್ ಇಲ್ಯಿಚ್‌ನ ಸಾವು’ 1886, ‘ಇವಾನ್ ದೆನಿಸೊವಿಚ್‌ನ ಬದುಕಿನ ಒಂದು ದಿನ’ 1962. ಇಬ್ಬರ ಹೆಸರೂ ರಟ್ಟಿನ ಮ್ಯಾಲೇ ಐತಿ.

ಮೂರುಹೆಸರು
ಮೊದಲನೆಯದು ನೀಳ್ಗತೆ. ಪುಟ ಎಣಿಸಿ ಕಾದಂಬರಿ ಅನ್ನುವವರು ಒಪ್ಪುವುದಿಲ್ಲ. ನನ್ನ ಮತ ‘ಸೇರಿಸಿ’.

ಪೇಢೆ_ಧಾರವಾಡ
ಇವಾನ್ ಅಂದ್ರ ಇಂಗ್ಲಿಷಿನಾಗ ಜಾನ್, ಫ್ರೆಂಚಿನಾಗ ಝಾನ್ ಅಂತಾರ. ಹಂಗಾರ ‘ಲೆ ಮಿಸರಾಬ್ಲ್’ (1862) ಝಾನ್ ವಾಲ್‌ಝಾನ್‌ನೂ ಇದ ಗುಂಪಿಗೆ ಬರ್ತಾನೇನ್ರಿ?

ಅಚ್ಚಿನಮೊಳೆ
ಬೇಡ. ಮೂಲ ಒಂದೇ ಅಂತ ಹೋದರೆ ಪಟ್ಟಿ ನಿಲ್ಲುವುದೇ ಇಲ್ಲ. ಕಿವಿಗೆ ಒಂದೇ ಹೆಸರಾಗಿ ಕೇಳಬೇಕು, ಅಷ್ಟೇ ಗೆರೆ. ಆದರೆ ವಾಲ್‌ಝಾನ್ ಬೇರೆ ಕಾರಣಕ್ಕೆ ಸ್ವಾರಸ್ಯ. ಅಪ್ಪನ ಹೆಸರೂ ಝಾನ್ ವಾಲ್‌ಝಾನ್, ತಾಯಿ ಝಾನ್ನ್, ಅಕ್ಕ ಝಾನ್ನ್. ಮನೆತನದ ಹೆಸರೂ ‘ಇಗೋ ಝಾನ್’ ಎಂಬ ಅಡ್ಡಹೆಸರು ಸವೆದು ಬಂದದ್ದಿರಬೇಕು ಅಂತ ಹ್ಯೂಗೋನೇ ಹೇಳುತ್ತಾನೆ. ಅಂದರೆ ಆ ಬಡವನಿಗೆ ಹೆಸರು ಅಂತ ಇದ್ದದ್ದೇ ಒಂದು, ಅದನ್ನೇ ಹಿಂದೆ ಮುಂದೆ ಹಾಕಿಕೊಂಡಿದ್ದಾನೆ.

ಕಡಲತಡಿ
ಒಂದೇ ಕಾದಂಬರಿಯೊಳಗೆ ಹೆಸರು ಮರುಕಳಿಸುವುದಕ್ಕೆ ‘ನೂರು ವರ್ಷಗಳ ಏಕಾಂತ’ (1967) ಇದ್ದೇ ಇದೆಯಲ್ಲ. ಕರ್ನಲ್ ಔರೆಲಿಯಾನೊನ 17 ಗಂಡುಮಕ್ಕಳಿಗೂ ಔರೆಲಿಯಾನೊ ಅಂತಲೇ ಹೆಸರು, 17 ತಾಯಂದಿರು. ಔರೆಲಿಯಾನೊಗಳು ಒಳಸೇರಿದ ಬುದ್ಧಿಯವರು, ಹೊಸೆ ಅರ್ಕಾದಿಯೊಗಳು ಮುನ್ನುಗ್ಗುವವರು ಅಂತ ಮನೆಯ ಹಿರಿಯಜ್ಜಿ ಉರ್ಸುಲಾ ಲೆಕ್ಕ ಹಾಕಿರ್ತಾಳೆ. ಆ ಮನೆಯ ಅವಳಿ ಹುಡುಗರು ಚಿಕ್ಕಂದಿನಲ್ಲಿ ಹೆಸರು ಅದಲು ಬದಲು ಆಡ್ತಾ ಆಡ್ತಾ ಯಾರು ಯಾರೆಂದು ಅವರಿಗೇ ಮರೆತುಹೋಯ್ತೇನೋ ಅನ್ನುವಷ್ಟು. ಕೊನೆಗೆ ಹೆಣದ ಪೆಟ್ಟಿಗೆಗಳೂ ಅದಲು ಬದಲಾಗಿ ಹೂಳಲ್ಪಡ್ತವೆ.

ಓದುವವರಿಗೆ ಒಂದು ಕಿವಿಮಾತು: ವಂಶಾವಳಿ ಪುಟದ ಮೇಲೆ ಬೆರಳಿಟ್ಟುಕೊಂಡೇ ಓದಿ. ಅದಿಲ್ಲದ ಪ್ರತಿಯಾದರೆ ಪ್ರತಿ ಹೊಸ ಹೆಸರಿಗೂ ‘ಯಾರ ಮಗ’ ಅನ್ನುವುದನ್ನು ಅಂಚಿನಲ್ಲಿ ಬರೆದುಕೊಳ್ಳಿ. ಹೆಸರು ಬರೆದು ಉಪಯೋಗ ಇಲ್ಲ, ಅದು ಎಲ್ಲರದೂ ಒಂದೇ.

ಪುಟಮಡಚಿದವಳು
ನಾಯಕಿಯರನ್ನು ಯಾಕೆ ಬಿಟ್ಟಿರಿ? ಕ್ಯಾಥರೀನ್: ‘ನಾರ್ಥ್ಯಾಂಗರ್ ಆ್ಯಬಿ’ (1817), ‘ವುದರಿಂಗ್ ಹೈಟ್ಸ್’ (1847), ‘ವಾಷಿಂಗ್ಟನ್ ಸ್ಕ್ವೇರ್’ (1880), ‘ಎ ಫೇರ್‌ವೆಲ್ ಟು ಆರ್ಮ್ಸ್’ (1929). ಎಮ್ಮಾ: ಆಸ್ಟಿನ್‌ಳ ಎಮ್ಮಾ ವುಡ್‌ಹೌಸ್, ಫ್ಲಾಬೇರ್‌ನ ಎಮ್ಮಾ ಬೊವಾರಿ.

‘ವುದರಿಂಗ್ ಹೈಟ್ಸ್’ನ ಮೂರನೇ ಅಧ್ಯಾಯ ಬಿಚ್ಚಿ. ರಾತ್ರಿ ತಂಗಿದ ಬಾಡಿಗೆದಾರ ಲಾಕ್‌ವುಡ್‌ಗೆ ಕಿಟಕಿಯ ಹಲಗೆಯ ಮೇಲೆ ಗೀಚಿದ ಹೆಸರುಗಳು ಕಾಣುತ್ತವೆ: ಕ್ಯಾಥರೀನ್ ಅರ್ನ್‌ಶಾ, ಅಲ್ಲಲ್ಲಿ ಕ್ಯಾಥರೀನ್ ಹೀತ್‌ಕ್ಲಿಫ್, ಮತ್ತೆ ಕ್ಯಾಥರೀನ್ ಲಿಂಟನ್. ತಾಯಿ ಹುಟ್ಟಿದ್ದು ಅರ್ನ್‌ಶಾ ಆಗಿ, ಮನಸ್ಸು ಹೀತ್‌ಕ್ಲಿಫ್‌ನಲ್ಲಿ, ಮದುವೆ ಲಿಂಟನ್‌ಗೆ. ಮಗಳಿಗೂ ಕ್ಯಾಥರೀನ್ ಅಂತಲೇ ಹೆಸರು. ಅವಳು ಹುಟ್ಟುವುದು ಲಿಂಟನ್ ಆಗಿ, ಮೊದಲ ಮದುವೆಯಲ್ಲಿ ಹೀತ್‌ಕ್ಲಿಫ್, ಕೊನೆಗೆ ಅರ್ನ್‌ಶಾ ಆಗುವುದರಲ್ಲಿರುತ್ತಾಳೆ. ಹಲಗೆಯ ಹೆಸರುಗಳನ್ನು ಎಡದಿಂದ ಓದಿದರೆ ತಾಯಿ, ಬಲದಿಂದ ಓದಿದರೆ ಮಗಳು. ಗೊಂದಲ ತಪ್ಪಿಸಲು ಗಂಡ ಎಡ್ಗರ್ ಒಂದು ದಾರಿ ಹಿಡಿಯುತ್ತಾನೆ: ಹೆಂಡತಿಯನ್ನು ಎಂದೂ ಮೊಟಕು ಮಾಡಿ ಕರೆಯದವನು ಮಗಳನ್ನು ಯಾವಾಗಲೂ ‘ಕ್ಯಾಥಿ’ ಅನ್ನುತ್ತಾನೆ. ಹೆಂಡತಿಯನ್ನು ಹಾಗೆ ಮೊಟಕಾಗಿ ಕರೆಯುತ್ತಿದ್ದವನು ಹೀತ್‌ಕ್ಲಿಫ್, ಅದಕ್ಕೆ. ಆ ಹೀತ್‌ಕ್ಲಿಫ್‌ಗೋ ಸತ್ತುಹೋದ ಮಗುವೊಂದರ ಹೆಸರನ್ನೇ ಇಟ್ಟದ್ದು. ಹೆಸರೂ ಅದೇ, ಮನೆತನವೂ ಅದೇ.

ಹಳೇಲೈಬ್ರರಿ
ಕ್ಷಮಿಸಿ ಮೇಡಂ, ‘ನಾಯಕ’ ಅಂದದ್ದು ರೂಢಿಯಿಂದ. ಪಟ್ಟಿಯ ಶೀರ್ಷಿಕೆ ‘ಮುಖ್ಯ ಪಾತ್ರ’ ಅಂತ ತಿದ್ದಿದೆ. ಸತ್ಯಭಾಮೆಗೂ ಒಂದು ಸಾಲು ತೆರೆದಿದ್ದೇನೆ, ಸದ್ಯಕ್ಕೆ ‘ದಾಟು’ ಒಂದೇ.

ಕಡಲತಡಿ
‘ಮರಳಿ ಮಣ್ಣಿಗೆ’ಯಲ್ಲಿ ರಾಮೈತಾಳರ ಎರಡನೇ ಹೆಂಡತಿ ಸತ್ಯಭಾಮೆ. ಲಚ್ಚನ ತಾಯಿ. ಎರಡನೇ ಸಾಲಿಗೆ ಬರೆದುಕೊಳ್ಳಿ.

ಕೋಡುಬಳೆ_ಕೋಡ್
ಹೆಸರೇ ಇಲ್ಲದವರನ್ನು ಏನು ಮಾಡೋದು? ‘ಘಾಚರ್ ಘೋಚರ್’ ನಿರೂಪಕನಿಗೆ ಹೆಸರಿಲ್ಲ. ‘ರೆಬೆಕಾ’ದ (1938) ನಿರೂಪಕಿಗೂ ಇಲ್ಲ. ಅಲ್ಲಿ ರೆಬೆಕಾ ಅಂದರೆ ಸತ್ತ ಮೊದಲ ಹೆಂಡತಿ.

ಅಚ್ಚಿನಮೊಳೆ
ಖಾಲಿ ಕೋಶವನ್ನು ಖಾಲಿಯಾಗಿಯೇ ಬಿಡಿ. ‘ನಿರೂಪಕ’ ಅಂತ ತುಂಬಿದರೆ ವಿಂಗಡಿಸುವಾಗ ‘ನಿರೂಪಕ’ ಎಂಬ ಹೆಸರಿನ ದೊಡ್ಡ ಗುಂಪೊಂದು ಎದ್ದು ನಿಲ್ಲುತ್ತದೆ. ನಾಲ್ಕು ಕಾಲಮ್ ಸಾಕು: ಪುಸ್ತಕದಲ್ಲಿ ಇರುವ ಪೂರ್ತಿ ಹೆಸರು, ತಿರುಳು, ಕರೆಯುವ ಹೆಸರು, ಹೆಸರು ಸಿಗುವ ಅಧ್ಯಾಯ. ಪುಟಸಂಖ್ಯೆ ಬೇಡ, ಮುದ್ರಣದಿಂದ ಮುದ್ರಣಕ್ಕೆ ಬದಲಾಗುತ್ತದೆ. ಅಧ್ಯಾಯ ಬದಲಾಗುವುದು ಅಪರೂಪ.

ಪುಟಮಡಚಿದವಳು
ಕರೆಯುವ ಹೆಸರಿನ ಕಾಲಮ್ಮಿಗೆ ‘ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್’ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಹುಡುಗನ ಹೆಸರು ಫಿಲಿಪ್ ಪಿರಿಪ್, ಮಗುವಿನ ನಾಲಗೆಗೆ ಅದು ‘ಪಿಪ್’ ಅಂತಷ್ಟೇ ಹೊರಳಿತು. ಮೊದಲ ಅಧ್ಯಾಯದ ಮೊದಲ ವಾಕ್ಯದಲ್ಲೇ ಇದೆ. ಆದ್ದರಿಂದ ತಿರುಳು ‘ಫಿಲಿಪ್’. ಅದೇ ಗುಂಪಿಗೆ ಮಾಮ್‌ನ ‘ಆಫ್ ಹ್ಯೂಮನ್ ಬಾಂಡೇಜ್’ (1915) ಫಿಲಿಪ್ ಕೇರಿ, ‘ದಿ ಬಿಗ್ ಸ್ಲೀಪ್’ (1939) ಫಿಲಿಪ್ ಮಾರ್ಲೊ. ಜಾರ್ಜ್ ಎಲಿಯಟ್‌ಳ ‘ದಿ ಮಿಲ್ ಆನ್ ದ ಫ್ಲಾಸ್’ (1860) ಫಿಲಿಪ್ ವೇಕೆಮ್ ಎರಡನೇ ಸಾಲಿಗೆ. ಕೇರಿಯದು ತಿರುಚಿದ ಪಾದ, ವೇಕೆಮ್‌ನದು ಬಾಗಿದ ಬೆನ್ನು. ಫಿಲಿಪ್ ಅಂದರೆ ಗ್ರೀಕಿನಲ್ಲಿ ಕುದುರೆ ಪ್ರಿಯ, ಓಡಲಾರದ ಇಬ್ಬರಿಗೆ ಆ ಹೆಸರು.

ತುಂಗಾತೀರ
ಪಿಪ್ ಅಂತಲೇ ಎಲ್ಲರೂ ಬಲ್ಲ ಹುಡುಗನನ್ನು ಫಿಲಿಪ್ ಗುಂಪಿಗೆ ಹಾಕಿದರೆ ಯಾರಿಗೆ ಸಿಗುತ್ತಾನೆ? ನಮ್ಮ ಕಿಟ್ಟಿಯರನ್ನೆಲ್ಲ ಕೃಷ್ಣನ ಗುಂಪಿಗೆ ಹಾಕಿದ ಹಾಗಾಯಿತು.

ಪುಟಮಡಚಿದವಳು
ಎರಡೂ ಕಡೆ ಸಿಗಬೇಕು, ಅದಕ್ಕೇ ಎರಡು ಕಾಲಮ್. ಆದರೆ ಇಲ್ಲಿ ನಿಮ್ಮ ಮಾತಿಗೆ ಕಾದಂಬರಿಯೇ ಸಾಕ್ಷಿ ಹೇಳುತ್ತದೆ. 18ನೇ ಅಧ್ಯಾಯದಲ್ಲಿ ವಕೀಲ ಜ್ಯಾಗರ್ಸ್ ಬಂದು ಆಸ್ತಿಯ ಸುದ್ದಿ ಹೇಳುವಾಗ ಹಾಕುವ ಮೊದಲ ಷರತ್ತೇ ಅದು: ಯಾವಾಗಲೂ ‘ಪಿಪ್’ ಎಂಬ ಹೆಸರನ್ನೇ ಇಟ್ಟುಕೊಂಡಿರಬೇಕು. ಹಣ ಕಳಿಸುತ್ತಿದ್ದವನಿಗೆ ಗೊತ್ತಿದ್ದದ್ದು ಆ ಹೆಸರೊಂದೇ, ಸ್ಮಶಾನದಲ್ಲಿ ಹುಡುಗನನ್ನು ಹಿಡಿದು ‘ನಿನ್ನ ಹೆಸರೇನು’ ಅಂತ ಕೇಳಿದಾಗ ಸಿಕ್ಕ ಉತ್ತರ. 22ರಲ್ಲಿ ಗೆಳೆಯ ಹರ್ಬರ್ಟ್‌ಗೆ ‘ಫಿಲಿಪ್’ ಇಷ್ಟವಾಗುವುದಿಲ್ಲ, ‘ಹ್ಯಾಂಡೆಲ್’ ಅನ್ನುತ್ತಾನೆ. ಒಬ್ಬನಿಗೆ ಮೂರು ಹೆಸರು.

ಕೋಡುಬಳೆ_ಕೋಡ್
ಕೊನೆಯ ಅಧ್ಯಾಯ ಬಿಟ್ಟಿರಿ. ಪಿಪ್‌ನನ್ನು ಸಾಕಿದ ಭಾವ ಜೋ ಮತ್ತು ಬಿಡ್ಡಿಯ ಮಗನಿಗೂ ಪಿಪ್ ಅಂತಲೇ ಹೆಸರಿಡುತ್ತಾರೆ. ಆ ಮಗುವಿನ ಪೂರ್ತಿ ಹೆಸರಿನ ಕಾಲಮ್ಮಿಗೆ ಏನು ಬರೆಯಲಿ?

ಅಚ್ಚಿನಮೊಳೆ
‘ಪಿಪ್’ ಅಂತಲೇ ಬರೆಯಿರಿ. ಅವನಿಗೆ ಫಿಲಿಪ್ ಅಂತ ಯಾರೂ ಅಂದಿಲ್ಲ.